ಎರೆ ಭೂಮಿಯಲ್ಲಿ ಹೂತ ವಾಹನವನ್ನು ಎಳೆಯುವ ಹಗ್ಗದ ಆಯ್ಕೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳ ಭೂಮಿಯು ಬಹುಮಟ್ಟಿಗೆ ಎರೆ ಭೂಮಿಯಾಗಿರುವದು. ತೊಗರಿ, ಜೋಳ, ಕಡಲೆಗಳಿಗೆ ಈ ಮಣ್ಣು ಬಹು ಯೋಗ್ಯವಾದದ್ದು. ಈ ಸೀಮೆಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆತದ್ದು ಒಕ್ಕಲಿಗರೆಲ್ಲರಿಗೂ ತಿಳಿದ ಸಂಗತಿಯಾಗಿದೆ. ಆದರೆ ಬೆಳೆಗೆ ಗುಣವಾದದ್ದೇ ಗಾಲಿಗೆ ದೋಷವಾಗುವದು. ಈ ಮಣ್ಣಿನಲ್ಲಿ ಜೇಡಿಯ ಅಂಶವು ಅಧಿಕ. ನೀರು ಕುಡಿದೊಡನೆ ಅದು ಉಬ್ಬಿ ಮಿದುವಾಗುವದು. ಬೇಸಿಗೆಯಲ್ಲಿ ಬಿರಿದು ಕಲ್ಲಿನಂತಾಗುವದು. ಮೃಗಶಿರಾ ಮಳೆಗೆ ಬಿತ್ತನೆಯ ಅವಸರದಲ್ಲಿಯೂ, ಹಸ್ತ, ಚಿತ್ತಾ ಮಳೆಗಳ ಕಾಲಕ್ಕೆ ಹಿಂಗಾರಿ ಜೋಳದ ಬಿತ್ತನೆಯಲ್ಲಿಯೂ, ಕಬ್ಬನ್ನು ಹೊರಗೆ ಸಾಗಿಸುವಾಗಲೂ ಟ್ರ್ಯಾಕ್ಟರು, ಟ್ರಾಲಿ, ಜೀಪುಗಳು ಹೊಲದಲ್ಲಿ ಹೂತು ನಿಲ್ಲುವದು ವರ್ಷವರ್ಷದ ಮಾತಾಗಿದೆ. 2020ನೆಯ ಇಸವಿಯ ಅಕ್ಟೋಬರದಲ್ಲಿ ಭೀಮಾ ನದಿಗೆ ಮಹಾಪೂರವು ಬಂದು ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ತೀರದ ಗ್ರಾಮಗಳು ನೀರಿನಲ್ಲಿ ನಿಂತವು. ಅಂಥ ಸಮಯದಲ್ಲಿ ಒಂದು ವಾಹನವನ್ನು ಕೆಸರಿನಿಂದ ಬೇಗನೆ ಹೊರಗೆ ತೆಗೆಯುವ ಸಾಧನವು ಗ್ರಾಮದಲ್ಲಿ ಇದ್ದರೆ ಅದರ ಬೆಲೆಯನ್ನು ಹಣದಿಂದ ಅಳೆಯಲಾಗದು.

ಪೂರ್ವದಲ್ಲಿ ಚಕ್ಕಡಿಯು ಹೂತರೆ ಎರಡು ಜೋಡಿ ಎತ್ತು ಹೆಚ್ಚಿಗೆ ಕಟ್ಟಿ, ಪುಂಡಿಯ ನಾರಿನಿಂದ ಹೊಸೆದ ಹಗ್ಗದಿಂದ ಎಳೆಯುತ್ತಿದ್ದರು; ಅಷ್ಟು ಸಾಲುತ್ತಿತ್ತು. ಈಗಿನ ಟ್ರ್ಯಾಕ್ಟರಿನ ತೂಕವೇ ಸುಮಾರು ಎರಡು ಟನ್. ಆದರೂ ಮನೆಯಲ್ಲಿ ಯಾವ ಹಗ್ಗ ಬಿದ್ದಿರುವದೋ ಅದನ್ನೇ ಕಟ್ಟಿ ಎಳೆಯುವ ರೂಢಿಯು ಹೋಗಿಲ್ಲ. ಹಗ್ಗ ಹರಿದು ಕೈಕಾಲು ಮುರಿಯುವದೂ, ಒಮ್ಮೊಮ್ಮೆ ಪ್ರಾಣವೇ ಹೋಗುವದೂ ಈ ಅಜಾಗರೂಕತೆಯ ಫಲ. ಆದ್ದರಿಂದ ಹಗ್ಗವನ್ನು ಆರಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

೧. ಎಷ್ಟು ಸೆಳೆತ ಬೇಕು?

ಗಾಲಿಗಳು ಅಚ್ಚಿನವರೆಗೆ ಹೂತಾಗ ವಾಹನವನ್ನು ಹೊರಗೆ ಎಳೆಯಲು ಸುಮಾರಾಗಿ ಅದರ ತೂಕದಷ್ಟೇ ಸೆಳೆತವು ಬೇಕಾಗುವದು. ಗಾಲಿಯ ಮೇಲಿನ ಮಡ್‌ಗಾರ್ಡಿನವರೆಗೆ ಹೂತರೆ ತೂಕದ ಇಮ್ಮಡಿ, ಒಡಲೇ ಕೆಸರಿನಲ್ಲಿ ಕುಳಿತರೆ ಮುಮ್ಮಡಿ ಎಂದು ಲೆಕ್ಕ ಹಿಡಿಯಬಹುದು. ಅಂದರೆ ಎರಡು ಟನ್ನಿನ ಟ್ರ್ಯಾಕ್ಟರಿಗೆ ಎರಡರಿಂದ ಆರು ಟನ್ನಿನವರೆಗೆ ಸೆಳೆತ ಬೇಕು. ಹಗ್ಗವು ಹರಿಯುವ ಭಾರವು ಸಾಧಾರಣ ಸೆಳೆತದ ಮೂರು ಪಟ್ಟಾದರೂ ಇರಬೇಕೆಂಬುದು ನಿಯಮ.

ಈ ಲೆಕ್ಕದಿಂದ ಇನ್ನೊಂದು ಪಾಠವೂ ದೊರೆಯುವದು. ಹಗ್ಗ ಕಟ್ಟುವದಕ್ಕಿಂತ ಮೊದಲು ಸಲಿಕೆಯನ್ನು ಹಿಡಿಯತಕ್ಕದ್ದು. ಟ್ರಾಲಿಯನ್ನು ಬಿಚ್ಚಿ, ಹೊರೆಯನ್ನು ಇಳಿಸಿ, ಗಾಲಿಯ ಮುಂದಿನ ಮಣ್ಣನ್ನು ಇಳಿಜಾರಾಗಿ ತೆಗೆದು, ಒಡಲಿನ ಕೆಳಗಿನ ಕೆಸರನ್ನು ಕೆದರಿದರೆ ಸೆಳೆತವು ಬಹಳ ಕಡಿಮೆಯಾಗುವದು. ಅರ್ಧ ತಾಸಿನ ಅಗೆತವು ಹಗ್ಗದ ಆಯುಷ್ಯವನ್ನೂ ಆಳಿನ ಆಯುಷ್ಯವನ್ನೂ ಉಳಿಸುವದು. ವಾಹನವು ಯಾವ ಜಾಡಿನಿಂದ ಬಂದಿತೋ ಅದೇ ಜಾಡಿನಲ್ಲಿ ಹಿಂದಕ್ಕೆ ಎಳೆಯುವದು ಅನೇಕ ವೇಳೆ ಸುಲಭ.

೨. ಹಗ್ಗಗಳ ಜಾತಿ ಮತ್ತು ಗುಣ

ಪುಂಡಿ, ಸಣಬು, ತೆಂಗಿನ ನಾರಿನ ಹಗ್ಗಗಳು ದನ ಕಟ್ಟಲಿಕ್ಕೂ ಹೊರೆ ಬಿಗಿಯಲಿಕ್ಕೂ ತಕ್ಕವು. ತೋಯ್ದು ಒಣಗುತ್ತ ಒಳಗೆ ಕೊಳೆಯುವದರಿಂದ ವಾಹನ ಎಳೆಯಲು ಸಲ್ಲವು.

ಉಕ್ಕಿನ ತಂತಿಯ ಹಗ್ಗವನ್ನು 1834ರಲ್ಲಿ ಜರ್ಮನಿಯ ಗಣಿಗಳಿಗಾಗಿ ವಿಲ್ಹೆಲ್ಮ್ ಆಲ್ಬರ್ಟ್ ಎಂಬವರು ನಿರ್ಮಿಸಿದರು. 10 ಮಿಲಿಮೀಟರ್ ದಪ್ಪದ್ದು ಸುಮಾರು 5½ ಟನ್ನಿಗೆ ಹರಿಯುವದು. ಕಲ್ಲಿನ ಉಜ್ಜಾಟಕ್ಕೂ ಬಿಸಿಗೂ ಅದು ಜಗ್ಗದು. ಆದರೆ ತೂಕ ಬಹಳ, ತುಕ್ಕು ಹಿಡಿಯುವದು, ಹರಿದ ಎಳೆಗಳು ಅಂಗೈಯನ್ನು ಸೀಳುವವು, ಹರಿದಾಗ ಚಾವಟಿಯಂತೆ ಬೀಸುವದು.

ಪಾಲಿಪ್ರೊಪಿಲೀನ್ ಹಗ್ಗವು ಸಂತೆಯಲ್ಲಿ ಎಲ್ಲೆಡೆಯೂ ಅಗ್ಗವಾಗಿ ಸಿಗುವದು. ಹಗುರವಾದ್ದರಿಂದ ನೀರಿನಲ್ಲಿ ತೇಲುವದು. ಆದರೆ ಈ ಸೀಮೆಯ ಬಿಸಿಲಿಗೆ ಬೇಗನೆ ಜೀರ್ಣವಾಗಿ ಪುಡಿಪುಡಿಯಾಗುವದು. ವಾಹನ ಎಳೆಯಲು ಇದನ್ನು ನೆಚ್ಚಬಾರದು.

ನೈಲಾನ್ 1935ರಲ್ಲಿ ಅಮೇರಿಕೆಯಲ್ಲಿ ಸಿದ್ಧವಾದ ನೂಲು. 24 ಮಿಲಿಮೀಟರ್ ದಪ್ಪದ ಮೂರೆಳೆಯ ಹಗ್ಗವು 11 ಟನ್ನಿನ ಆಸುಪಾಸಿನಲ್ಲಿ ಹರಿಯುವದು. ಹರಿಯುವ ಮುನ್ನ ತನ್ನ ಉದ್ದದ ಐದನೆಯ ಒಂದು ಪಾಲಿಗಿಂತ ಹೆಚ್ಚು ಹಿಗ್ಗುವದೇ ಇದರ ವಿಶೇಷ. ತೋಯ್ದಾಗ ಬಲವು ಶೇಕಡಾ 10ರಿಂದ 15ರಷ್ಟು ತಗ್ಗುವದೆಂಬುದನ್ನು ಮರೆಯಬಾರದು.

ಪಾಲಿಯೆಸ್ಟರ್ ಹಗ್ಗವು ನೈಲಾನಿಗಿಂತ ಕಡಿಮೆ ಹಿಗ್ಗುವದು, ತೋಯ್ದರೂ ಬಲ ಕಳೆದುಕೊಳ್ಳದು, ಬಿಸಿಲನ್ನು ಚೆನ್ನಾಗಿ ತಾಳುವದು. ಮರಕ್ಕೆ ಸುತ್ತುವ ಅಗಲ ಪಟ್ಟಿಗಳಿಗೆ ಇದು ಯೋಗ್ಯ.

ಎಲ್ಲಕ್ಕೂ ಬಲವಾದದ್ದು ಅತಿ ಬಲದ ಪಾಲಿಎಥಿಲೀನ್. ಇದರ ನೂಲನ್ನು ತೆಗೆಯುವ ಕ್ರಮವನ್ನು ನೆದರ್ಲೆಂಡ್ ದೇಶದಲ್ಲಿ ಕಂಡುಹಿಡಿಯಲಾಯಿತು. ‘ಡೈನೀಮಾ’ ಎಂಬ ಹೆಸರಿನಿಂದ ಅದು ಪ್ರಸಿದ್ಧ. 10 ಮಿಲಿಮೀಟರ್ ದಪ್ಪದ ಹಗ್ಗವು 8 ಟನ್ನಿನ ಮೇಲ್ಪಟ್ಟು ಸೆಳೆತವನ್ನು ತಾಳುವದು. ತೂಕವಾದರೋ ಅದೇ ದಪ್ಪದ ಉಕ್ಕಿನ ಹಗ್ಗದ ಸುಮಾರು ಏಳನೆಯ ಒಂದು ಪಾಲು. ನೀರು ಕುಡಿಯದು, ತುಕ್ಕು ಹಿಡಿಯದು, ನೀರಿನ ಮೇಲೆ ತೇಲುವದು. ಇದಕ್ಕೆ ವೈರಿಗಳು ಎರಡು: ಬಿಸಿ ಮತ್ತು ಉಜ್ಜಾಟ. 150 ಅಂಶ ಸೆಲ್ಸಿಯಸ್ ಮುಟ್ಟುವದರೊಳಗೆ ಕರಗುವದು. 70 ಅಂಶಕ್ಕೇ ಬಲಗುಂದುವದು.

೩. ಜಗ್ಗುವ ಹಗ್ಗ ಬೇರೆ, ಸುತ್ತುವ ಹಗ್ಗ ಬೇರೆ

ಒಂದು ಟ್ರ್ಯಾಕ್ಟರಿನಿಂದ ಇನ್ನೊಂದನ್ನು ಎಳೆಯುವಾಗ ಎಷ್ಟು ಜಾಗ್ರತೆ ವಹಿಸಿದರೂ ಸ್ವಲ್ಪ ಜಗ್ಗಾಟವು ತಪ್ಪದು. ಆಗ ಹಿಗ್ಗುವ ನೈಲಾನ್ ಹಗ್ಗವು ಆ ಪೆಟ್ಟನ್ನು ನುಂಗುವದು. ಹಿಗ್ಗದ ಹಗ್ಗವನ್ನು ಕಟ್ಟಿ ಜಗ್ಗಿದರೆ ಪೆಟ್ಟೆಲ್ಲವೂ ಕೊಕ್ಕೆಗೂ ಅಚ್ಚಿಗೂ ಬೀಳುವದು.

ಜೀಪಿನ ಮುಂದೆ ಕೂಡಿಸುವ ವಿಂಚ್ ಎಂಬ ಯಂತ್ರವು ಉರುಳೆಗೆ ಹಗ್ಗವನ್ನು ಸುತ್ತುತ್ತ ಮೆಲ್ಲಗೆ ಒಂದೇ ಸಮನೆ ಎಳೆಯುವದು. ಇದಕ್ಕೆ ಹಿಗ್ಗುವ ಹಗ್ಗವು ಬೇಡ. ಶೇಕಡಾ 3 ಅಥವಾ 4ರಷ್ಟು ಮಾತ್ರ ಹಿಗ್ಗುವ ಅತಿ ಬಲದ ಪಾಲಿಎಥಿಲೀನ್ ಹಗ್ಗವೇ ಇಲ್ಲಿ ಉತ್ತಮ. ಆದರೆ ಅದೇ ಹಗ್ಗದಿಂದ ಓಡುವ ವಾಹನವನ್ನು ಕಟ್ಟಿ ಜಗ್ಗಬಾರದು.

೪. ವಿಂಚಿನ ಹಗ್ಗವನ್ನು ಆರಿಸುವ ಕ್ರಮ

ವಿಂಚಿನ ಬಲವು ಹೊರೆ ಸಹಿತವಾದ ವಾಹನದ ತೂಕದ ಒಂದೂವರೆ ಪಟ್ಟಿಗೆ ಕಡಿಮೆಯಿರಬಾರದು. ಎರಡು ಟನ್ನಿನ ಜೀಪಿಗೆ ಮೂರು ಟನ್ ಕನಿಷ್ಠವಾಯಿತು. ಎರೆ ಮಣ್ಣಿನ ಹಿಡಿತವನ್ನು ನೆನೆದು 9,500 ಪೌಂಡಿನ, ಅಂದರೆ ಸುಮಾರು 4.3 ಟನ್ನಿನ ವಿಂಚನ್ನು ಕೊಳ್ಳುವದು ಲೇಸು. ಅದಕ್ಕೆ 8 ಟನ್ ತಾಳುವ 10 ಮಿಲಿಮೀಟರಿನ ಹಗ್ಗವನ್ನು ಹಾಕಿದರೆ ಹಗ್ಗದ ಬಲವು ಯಂತ್ರದ ಬಲಕ್ಕೆ ಹೆಚ್ಚುಕಡಿಮೆ ಇಮ್ಮಡಿಯಾಗುವದು. ಹೆಚ್ಚು ದಪ್ಪದ ಹಗ್ಗವು ಉರುಳೆಯಲ್ಲಿ ಹಿಡಿಯದು ಎಂಬುದನ್ನೂ ನೋಡಿಕೊಳ್ಳಬೇಕು.

ವಿಂಚಿನ ಮೇಲೆ ಬರೆದ ಬಲವು ಉರುಳೆಯ ಮೊದಲನೆಯ ಸುತ್ತಿನ ಪದರಿಗೆ ಮಾತ್ರ ಸಂಬಂಧಿಸಿದ್ದು. ಮೇಲಿನ ಪದರುಗಳಲ್ಲಿ ಸೆಳೆತವು ಕಡಿಮೆಯಾಗುತ್ತ ಹೋಗುವದು. ಆದ್ದರಿಂದ ಹಗ್ಗವನ್ನು ಹೆಚ್ಚು ಬಿಚ್ಚಿದಷ್ಟೂ ಬಲ ಹೆಚ್ಚು. ಆದರೆ ಉರುಳೆಯ ಮೇಲೆ ಎಂಟು ಹತ್ತು ಸುತ್ತುಗಳಾದರೂ ಉಳಿಯತಕ್ಕದ್ದು, ಇಲ್ಲವಾದರೆ ನುಣುಪಾದ ಈ ಹಗ್ಗವು ಜಾರುವದು. ಬಾವಿಯ ಗಡಗಡೆಯಂಥ ಒಂದು ಉಕ್ಕಿನ ಗಡಗಡೆಯನ್ನು ಹೂತ ವಾಹನಕ್ಕೆ ಕೂಡಿಸಿ, ಹಗ್ಗವನ್ನು ಅದರೊಳಗಿಂದ ತಿರುಗಿಸಿ ಮರಳಿ ಎಳೆಯುವ ಕಡೆಗೆ ಕಟ್ಟಿದರೆ ಸೆಳೆತವು ಬಹುಮಟ್ಟಿಗೆ ಇಮ್ಮಡಿಸುವದು, ವೇಗವು ಅರ್ಧವಾಗುವದು. ಆಗ ಗಡಗಡೆಯನ್ನು ಕಟ್ಟಿದ ಕೊಂಡಿಗೆ ಇಮ್ಮಡಿ ಭಾರ ಬೀಳುವದರಿಂದ ಅದೂ ಅಷ್ಟು ಗಟ್ಟಿಯಾಗಿರಬೇಕು.

ಮೊದಲು ಉಕ್ಕಿನ ಹಗ್ಗವಿದ್ದ ವಿಂಚಿಗೆ ನೂಲಿನ ಹಗ್ಗವನ್ನು ಹಾಕುವವರು, ಹಗ್ಗ ಹಾಯುವ ಬಾಯಿಯನ್ನು ಕೈಯಿಂದ ತಡವಿ ನೋಡಬೇಕು. ಉಕ್ಕು ಉಜ್ಜಿ ಉಂಟಾದ ಗೀರುಗಳು ಹೊಸ ಹಗ್ಗವನ್ನು ಕೊಯ್ಯುವವು. ನುಣುಪಾದ ಅಲ್ಯೂಮಿನಿಯಮ್ ಬಾಯಿಯನ್ನು ಕೂಡಿಸುವದು ಒಳ್ಳೆಯದು. ಕೆಲವು ವಿಂಚುಗಳಲ್ಲಿ ತಡೆಯು ಉರುಳೆಯೊಳಗೆ ಇದ್ದು, ಭಾರವಿರುವಾಗ ಹಗ್ಗ ಬಿಟ್ಟರೆ ಉರುಳೆಯೇ ಕಾಯುವದು. ಅಂಥಲ್ಲಿ ಮೊದಲ ಪದರಿಗೆ ಬಿಸಿ ತಡೆಯುವ ಹೊದಿಕೆಯಿರುವ ಹಗ್ಗವನ್ನೇ ಕೇಳಿ ಕೊಳ್ಳಬೇಕು.

೫. ಅಂಗಡಿಯಲ್ಲಿ ಪರೀಕ್ಷೆ

ಅಗ್ಗದ ಹಗ್ಗಕ್ಕೆ ಬಣ್ಣ ಹಚ್ಚಿ ಮೇಲಾದ ಹಗ್ಗವೆಂದು ಮಾರುವ ಸಂಭವವುಂಟು. ಗೇಣುದ್ದದ ಚೂರನ್ನು ನೀರಿಗೆ ಹಾಕಿದರೆ ನೈಲಾನ್, ಪಾಲಿಯೆಸ್ಟರ್ ಮುಳುಗುವವು. ಪಾಲಿಪ್ರೊಪಿಲೀನೂ ಅತಿ ಬಲದ ಪಾಲಿಎಥಿಲೀನೂ ತೇಲುವವು. ತೇಲುವ ಎರಡರಲ್ಲಿ ಮೊದಲನೆಯದು ಕೈಗೆ ಬಿರುಸು. ಎರಡನೆಯದು ಸಾಬೂನಿನಂತೆ ಜಾರುವದು ಮತ್ತು ಸಾಧಾರಣ ಚೂರಿಗೆ ಸುಲಭವಾಗಿ ಕೊಯ್ಯಿಸಿಕೊಳ್ಳದು. ಆದರೂ ಮಾರುವವನಿಂದ ಹರಿಯುವ ಭಾರವನ್ನು ಬರೆದ ಕಾಗದವನ್ನು ಪಡೆಯುವದೇ ನಿಶ್ಚಿತ ಮಾರ್ಗ. ಅದರಲ್ಲಿ ಕಿಲೋನ್ಯೂಟನ್ ಎಂದು ಬರೆದಿದ್ದರೆ ಹತ್ತು ಕಿಲೋನ್ಯೂಟನ್ ಎಂದರೆ ಸುಮಾರು ಒಂದು ಟನ್ ಎಂದು ತಿಳಿಯತಕ್ಕದ್ದು.

ಹಗ್ಗದ ತುದಿಯ ಕುಣಿಕೆಯು ಹೆಣೆದದ್ದಾಗಿರಬೇಕು, ಗಂಟು ಹಾಕಿದ್ದಾಗಿರಬಾರದು. ಗಂಟು ಹಗ್ಗದ ಬಲವನ್ನು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಸುವದು. ಚೆನ್ನಾಗಿ ಹೆಣೆದ ಕುಣಿಕೆಯಲ್ಲಿ ಶೇಕಡಾ 90ರಷ್ಟು ಬಲವು ಉಳಿಯುವದು.

೬. ಜೀವಕ್ಕೆ ಅಪಾಯವಾಗುವ ತಪ್ಪುಗಳು

ಎಳೆಯುವ ಟ್ರ್ಯಾಕ್ಟರಿಗೆ ಹಗ್ಗವನ್ನು ಕೆಳಗಿನ ಡ್ರಾಬಾರಿಗೆ ಮಾತ್ರ ಕಟ್ಟತಕ್ಕದ್ದು. ಸೀಟಿನ ಹತ್ತಿರವಾಗಲಿ, ಮೇಲಿನ ಕೊಂಡಿಗಾಗಲಿ, ಅಚ್ಚಿಗಾಗಲಿ ಎಂದೂ ಕಟ್ಟಬಾರದು. ಹಿಂದಿನ ಗಾಲಿಗಳು ತಿರುಗಲಾರದಾದಾಗ ಯಂತ್ರದ ಬಲವು ಟ್ರ್ಯಾಕ್ಟರಿನ ಒಡಲನ್ನೇ ಅಚ್ಚಿನ ಸುತ್ತ ಮೇಲಕ್ಕೆತ್ತುವದು. ಮೇಲೆ ಕಟ್ಟಿದ ಹಗ್ಗವು ಅದಕ್ಕೆ ಸಹಾಯ ಮಾಡುವದು. ಒಂದೆರಡು ಕ್ಷಣದೊಳಗೆ ಟ್ರ್ಯಾಕ್ಟರು ಹಿಮ್ಮುಖವಾಗಿ ಮಗುಚಿ ನಡೆಸುವವನ ಮೇಲೆ ಬೀಳುವದು, ಹಾರಿಕೊಳ್ಳಲು ಅವಕಾಶವಿರದು. ಹೂತ ಟ್ರ್ಯಾಕ್ಟರಿನ ಹಿಂದಿನ ಗಾಲಿಗೆ ಮರದ ತುಂಡನ್ನು ಕಟ್ಟಿ ಮುಂದಕ್ಕೆ ಓಡಿಸುವ ರೂಢಿಯೂ ಇದೇ ಕಾರಣದಿಂದ ಪ್ರಾಣಘಾತಕ.

ಬಿಗಿದ ಹಗ್ಗದ ನಡುವೆ ಒಂದು ತೋಯ್ದ ಗೋಣಿಚೀಲವನ್ನು ಹಾಕಬೇಕು; ಹಗ್ಗ ಹರಿದರೆ ಅದರ ಬೀಸನ್ನು ಅದು ತಗ್ಗಿಸುವದು. ಹಗ್ಗದ ಉದ್ದದ ಒಂದೂವರೆ ಪಟ್ಟಿನೊಳಗೆ ನೋಡುವ ಜನರನ್ನೂ ಮಕ್ಕಳನ್ನೂ ನಿಲ್ಲಗೊಡಬಾರದು. ಬಿಗಿದ ಹಗ್ಗವನ್ನು ದಾಟಬಾರದು. ನೂಲಿನ ಹಗ್ಗವು ತಾನು ಹೆಚ್ಚು ಹಾರದಿದ್ದರೂ ಅದರ ತುದಿಯ ಕಬ್ಬಿಣದ ಕೊಕ್ಕೆಯು ಕಿತ್ತು ಬಂದರೆ ಗುಂಡಿನಂತೆ ಹಾರುವದು.

ಹತ್ತಿರ ಮರವಿದ್ದರೆ ಅದರ ಬುಡಕ್ಕೆ ಅಗಲವಾದ ಪಟ್ಟಿಯನ್ನು ಸುತ್ತಿ ಅದಕ್ಕೆ ಹಗ್ಗವನ್ನು ಕೂಡಿಸಬೇಕು. ಬಯಲು ಎರೆಯಲ್ಲಿ ಮರವೇ ಸಿಗದಿದ್ದರೆ, ಗಟ್ಟಿ ನೆಲದಲ್ಲಿ ಎಳೆತಕ್ಕೆ ಅಡ್ಡವಾಗಿ ಆಳವಾದ ಕಾಲುವೆ ತೋಡಿ, ನಡುವೆ ಪಟ್ಟಿ ಕಟ್ಟಿದ ದಪ್ಪ ತೊಲೆಯನ್ನು ಹೂತು, ಹಗ್ಗ ಹೊರಬರಲು ಇಳಿಜಾರಾದ ದಾರಿ ಬಿಟ್ಟು ಮಣ್ಣು ತುಂಬಿ ತುಳಿಯಬೇಕು.

೭. ಜೋಪಾನ

ಎರೆ ಮಣ್ಣಿನಲ್ಲಿಯ ಸುಣ್ಣದ ಹರಳುಗಳು ಹಗ್ಗದ ಎಳೆಗಳೊಳಗೆ ಹೊಕ್ಕು ಒಳಗಿಂದಲೇ ಕೊಯ್ಯುವವು. ಆದ್ದರಿಂದ ಕೆಲಸ ಮುಗಿದ ದಿವಸವೇ ತಿಳಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಬದುವಿನ ಶಹಾಬಾದ ಕಲ್ಲಿನ ಅಂಚಿಗೆ ಹಗ್ಗವು ತಗಲುವಲ್ಲಿ ಗೋಣಿಯನ್ನು ಮಡಿಸಿ ಇಡಬೇಕು. ಔಷಧ, ಗೊಬ್ಬರ, ಬ್ಯಾಟರಿಗಳ ಸಂಗಡ ಹಗ್ಗವನ್ನು ಇಡಬಾರದು. ಎಳೆಗಳು ಹರಿದು ದಪ್ಪವು ಕುಗ್ಗಿದಲ್ಲಿ, ಕರಗಿ ಗಟ್ಟಿಯಾದಲ್ಲಿ ಆ ಹಗ್ಗವನ್ನು ಎಳೆತದಿಂದ ಬಿಟ್ಟುಬಿಡತಕ್ಕದ್ದು. ಹೊರೆ ಬಿಗಿಯಲು ಬಂದೀತು.

ಒಬ್ಬೊಬ್ಬ ರೈತನೂ ಇವನ್ನೆಲ್ಲ ಕೊಳ್ಳುವದು ದುಸ್ತರ. ಗ್ರಾಮದ ಮುಖಂಡರೂ ದೊಡ್ಡ ಹಿಡುವಳಿದಾರರೂ ಮನಸ್ಸು ಮಾಡಿ, ಸಹಕಾರ ಸಂಘದ ಮೂಲಕವಾಗಲಿ ಊರ ವರ್ಗಣಿಯಿಂದಾಗಲಿ, ಒಂದು ನೈಲಾನ್ ಹಗ್ಗ, ಎರಡು ಪಟ್ಟಿ, ಒಂದು ಗಡಗಡೆ, ಎರಡು ಸಲಿಕೆಗಳನ್ನು ಒಂದೆಡೆಯಲ್ಲಿ ಇಟ್ಟು, ಅವನ್ನು ಬಲ್ಲ ಇಬ್ಬರು ತರುಣರ ವಶಕ್ಕೆ ಕೊಟ್ಟರೆ ಊರಿಗೆಲ್ಲ ಉಪಯೋಗವಾಗುವದು. ವಿಂಚುಳ್ಳ ಜೀಪು ಯಾರಲ್ಲಿರುವದೋ ಅವರ ಹೆಸರೂ ಎಲ್ಲರಿಗೂ ತಿಳಿದಿರಲಿ. ಮುಂಗಾರಿಗೆ ಮೊದಲು ಬೀಜ, ಗೊಬ್ಬರಗಳನ್ನು ನೋಡಿಕೊಳ್ಳುವಂತೆ ಹಗ್ಗವನ್ನೂ ಒಮ್ಮೆ ಬಿಚ್ಚಿ, ಮೊಳ ಮೊಳವಾಗಿ ಕೈಯಾಡಿಸಿ ನೋಡತಕ್ಕದ್ದು. ಹೂತ ಟ್ರ್ಯಾಕ್ಟರು ನಾಳೆಗಾದರೂ ಹೊರಗೆ ಬಂದೀತು. ಹೋದ ಜೀವವು ಬಾರದು.