ಕಲ್ಲುಹೂವಿನ ಹೆಸರು ಹೇಳುವ ಒಂದು ತೊಟ್ಟು

ಮಸಾಲೆ ಅಂಗಡಿಯಲ್ಲಿ ಕಲ್ಲುಹೂವು ಕೇಳಿದರೆ ಒಣ ಎಲೆಗಳಂಥ ಬೂದು ಚೂರುಗಳನ್ನು ಕಟ್ಟಿಕೊಡುತ್ತಾರೆ. ಅದು ಹೂವಲ್ಲ, ಶಿಲೀಂಧ್ರ ಮತ್ತು ಶೈವಲ ಕೂಡಿ ಬಾಳುವ ಲೈಕನ್. ಆ ಪೊಟ್ಟಣದಲ್ಲಿ ಹಲವು ಪ್ರಭೇದಗಳು ಬೆರೆತಿರುವುದುಂಟು. ಪಾರ್ಮೊಟ್ರೀಮ ಟಿಂಕ್ಟೋರಮ್ ಅವುಗಳಲ್ಲೊಂದು. ಪಶ್ಚಿಮ ಘಟ್ಟಗಳಲ್ಲಿ ಇದು ಮರದ ತೊಗಟೆಯ ಮೇಲೂ ಬೆಳೆಯುತ್ತದೆ, ಬಂಡೆಯ ಮೇಲೂ ಬೆಳೆಯುತ್ತದೆ. ಇದನ್ನು ಗುರುತಿಸುವುದು ಹೇಗೆ?

ಹತ್ತು ಪಟ್ಟು ಹಿಗ್ಗಿಸುವ ಮಸೂರವೊಂದು ಬೇಕು. ಇದರ ಹಾಲೆಗಳು ಅಗಲ, ತುದಿ ದುಂಡು, ಅಂಚಿನಲ್ಲಿ ರೋಮಗಳಿಲ್ಲ. ಬೂದು ಬಣ್ಣದ ಮೇಲ್ಮೈ ತುಂಬ ಸಣ್ಣ ಕಡ್ಡಿಗಳಂಥ ಐಸಿಡಿಯಗಳಿರುತ್ತವೆ. ಮಗುಚಿ ನೋಡಿ: ತಳದ ನಡುಭಾಗ ಕಪ್ಪು; ಅಂಚಿನ ಪಟ್ಟಿ ಕಂದು, ಅಲ್ಲಿ ಬೇರಿನಂಥ ಎಳೆಗಳಿಲ್ಲ.

ಇಷ್ಟಕ್ಕೇ ಹೆಸರು ಬರೆದುಬಿಟ್ಟರೆ ಎಡವುತ್ತೀರಿ. ಪಾರ್ಮೊಟ್ರೀಮ ಸಾಕ್ಯಾಟಿಲೋಬಮ್ ಕೂಡ ಹೀಗೆಯೇ ಕಾಣುತ್ತದೆ. ಬ್ಲೇಡಿನಿಂದ ಮೇಲ್ಪದರವನ್ನು ಕೆರೆದು, ಒಳಗಿನ ಬಿಳಿ ಪದರಕ್ಕೆ ಬ್ಲೀಚಿಂಗ್ ಪುಡಿಯ ತಿಳಿದ್ರಾವಣದ ಒಂದು ತೊಟ್ಟು ಮುಟ್ಟಿಸಿ. ಥಟ್ಟನೆ ಕೆಂಪಾದರೆ ಅದು ಟಿಂಕ್ಟೋರಮ್. ಅದರಲ್ಲಿರುವ ಲೆಕನೋರಿಕ್ ಆಮ್ಲವೇ ಇದಕ್ಕೆ ಕಾರಣ. ಸಾಕ್ಯಾಟಿಲೋಬಮ್ ಕೆಂಪಾಗದು. ಹಾಗೆಂದು ತೊಟ್ಟನ್ನೇ ನಂಬುವಂತಿಲ್ಲ. ಪಾರ್ಮೊಟ್ರೀಮ ಆಸ್ಟ್ರೋಸೈನೆನ್ಸ್ ಸಹ ಇದೇ ಆಮ್ಲದಿಂದ ಕೆಂಪಾಗುತ್ತದೆ. ಆದರೆ ಅದರ ಅಂಚಿನಲ್ಲಿ ಕಡ್ಡಿಗಳಲ್ಲ, ಹಿಟ್ಟಿನಂಥ ಸೊರೇಡಿಯಗಳಿರುತ್ತವೆ.

ಉಪಾಧ್ಯಾಯರು ಗಮನಿಸಬೇಕಾದ ವಿಷಯವೊಂದಿದೆ. ಹಳೆಯ ದ್ರಾವಣದಲ್ಲಿ ಕ್ಲೋರಿನ್ನಿನ ಶಕ್ತಿ ಕುಂದಿರುತ್ತದೆ. ಕೆಂಪು ಬಾರದಿದ್ದರೆ ವಿದ್ಯಾರ್ಥಿ ತಪ್ಪು ಹೆಸರನ್ನು ಬರೆಯುತ್ತಾನೆ. ಸೀಸೆಯ ದೋಷ ಮಾದರಿಯ ಲಕ್ಷಣವಾಗಿ ದಾಖಲಾಗುತ್ತದೆ! ಅಂದೇ ತಯಾರಿಸಿದ ದ್ರಾವಣವನ್ನು ಮೊದಲು ಖಚಿತವಾಗಿ ಗೊತ್ತಿರುವ ಮಾದರಿಯ ಮೇಲೆ ಪರೀಕ್ಷಿಸಿ. ಅದಕ್ಕೆ ಆಮ್ಲ ಬೆರೆಸಬೇಡಿ, ವಿಷಾನಿಲ ಹೊಮ್ಮುತ್ತದೆ.

ಈ ತೊಟ್ಟಿನ ವಿಧಾನವನ್ನು 1866ರಲ್ಲಿ ಬಳಕೆಗೆ ತಂದವನು ಫಿನ್ಲೆಂಡಿನ ವಿಲ್ಹೆಲ್ಮ್ ನೈಲಾಂಡರ್. 1872ರಲ್ಲಿ ಈ ಪ್ರಭೇದವನ್ನು ಪಾರ್ಮೀಲಿಯ ಟಿಂಕ್ಟೋರಮ್ ಎಂಬ ಹೆಸರಿನಲ್ಲಿ ಪ್ರಕಟಿಸಿದವನೂ ಆತನೇ. ಟಿಂಕ್ಟೋರಮ್ ಎಂದರೆ 'ಬಣ್ಣಗಾರರ' ಎಂದರ್ಥ. (ಲೈಕನ್ ಎರಡು ಜೀವಿಗಳ ಕೂಟ ಎಂಬುದನ್ನು ಮಾತ್ರ ಆತ ಒಪ್ಪಲೇ ಇಲ್ಲ.) 1974ರಲ್ಲಿ ಮೇಸನ್ ಹೇಲ್ ಇದನ್ನು ಪಾರ್ಮೊಟ್ರೀಮ ಕುಲಕ್ಕೆ ಸೇರಿಸಿದ.

ಲೈಕನ್‌ಗಳ ಬೆಳವಣಿಗೆ ಬಲು ನಿಧಾನ. ಆದ್ದರಿಂದ ಬಿದ್ದ ಕೊಂಬೆಯಿಂದ ಅಂಗೈಯಷ್ಟು ತುಂಡು ತಂದರೆ ಸಾಕು. ಅದನ್ನು ಪ್ಲಾಸ್ಟಿಕ್ಕಿನಲ್ಲಿ ಇಡಬೇಡಿ, ಬೂಸು ಹಿಡಿಯುತ್ತದೆ. ಕಾಗದದ ಲಕೋಟೆಯಲ್ಲಿ ಒಣಗಿಸಿ. ಲಕೋಟೆಯ ಮೇಲೆ ಊರು, ಎತ್ತರ, ಆಸರೆಯ ಮರ ಅಥವಾ ಕಲ್ಲು, ದಿನಾಂಕ, ಐಸಿಡಿಯ ಇದೆಯೇ ಸೊರೇಡಿಯವೇ, ತೊಟ್ಟಿಗೆ ಬಂದ ಬಣ್ಣ ಇವನ್ನು ಬರೆಯಿರಿ. ಪ್ರಭೇದದ ಹೆಸರನ್ನು ಕೊನೆಯಲ್ಲಿ, ಪೆನ್ಸಿಲಿನಿಂದ ಬರೆಯಿರಿ.