ಮಾರುವೆನು, ಮಾರುವವನಿದ್ದೇನೆ

ಇಂಗ್ಲಿಷಿನಲ್ಲಿ ಭವಿಷ್ಯತ್ಕಾಲಕ್ಕೆ ‘ಶಲ್’, ‘ವಿಲ್’ ಎಂಬೆರಡೇ ಗುರುತುಗಳೆಂದು ನಮ್ಮ ವಿದ್ಯಾರ್ಥಿಗಳು ಕಲಿತು ಬರುತ್ತಾರೆ. ಬರೆಯುವಾಗಲಂತೂ ಎಲ್ಲಕ್ಕೂ ‘ಐ ವಿಲ್’ ಒಂದೇ. ಸೂಕ್ಷ್ಮವನ್ನು ಅರಿಯುವ ಶಕ್ತಿ ಅವರಿಗಿಲ್ಲವೆಂದಲ್ಲ. ಆ ಸೂಕ್ಷ್ಮವು ತಮ್ಮ ಮನೆಮಾತಿನಲ್ಲಿಯೇ ಇದೆಯೆಂಬುದು ಅವರಿಗೆ ಹೊಳೆದಿಲ್ಲ.

ಕಲಬುರಗಿಗೆ ಹತ್ತಿರದ ನಂದೂರನ್ನೇ ತೆಗೆದುಕೊಳ್ಳೋಣ. ಇದು ತೊಗರಿಯ ಸೀಮೆ. ರಾಶಿಯಾದ ಮೇಲೆ ಅಡತಿ ಅಂಗಡಿಯವರು ಒಕ್ಕಲಿಗನನ್ನು “ತೊಗರಿ ಮಾರ್ತೀರೇನ್ರಿ?” ಎಂದು ಕೇಳಿದರೆ, “ಮಾರ್ತೀನ್ರಿ” ಎಂಬುದೊಂದು ಉತ್ತರ, “ಮಾರಾಂವ ಇದ್ದೀನ್ರಿ” ಎಂಬುದು ಮತ್ತೊಂದು, “ಮಾರಬೇಕಂತ ಮಾಡೀನ್ರಿ” ಎಂಬುದು ಮೂರನೆಯದು, “ಮಾರಿದರೂ ಮಾರೇನ್ರಿ” ಎಂದರೆ ಅಂಗಡಿಯವರು ಚೀಲ ತರುವುದೇ ಇಲ್ಲ. ಈ ನಾಲ್ಕರ ತೂಕ ಬೇರೆ ಬೇರೆ ಎಂದು ಊರಿನ ಮಕ್ಕಳಿಗೂ ಗೊತ್ತು.

ಇನ್ನು ಇಂಗ್ಲಿಷನ್ನು ನೋಡೋಣ. ಅಂಗಡಿಯವರು ಧಾರಣೆ ಹೇಳಿದರು, ಒಕ್ಕಲಿಗನು ಆ ಕ್ಷಣದಲ್ಲಿಯೇ ಒಪ್ಪಿದನು: ಅದು ‘ಐ ವಿಲ್ ಸೆಲ್’. ನಿಶ್ಚಯವು ಮಾತಿನೊಡನೆ ಹುಟ್ಟಿತು. ಅದರಲ್ಲಿ ವಚನದ ಛಾಯೆಯೂ ಇರಬಹುದು. ಹಿಂದಿನ ರಾತ್ರಿಯೇ ಮನೆಯಲ್ಲಿ ತೀರ್ಮಾನವಾಗಿದ್ದರೆ ‘ಐ ಆಮ್ ಗೋಯಿಂಗ್ ಟು ಸೆಲ್’; ಇದೇ ನಮ್ಮ ‘ಮಾರಾಂವ ಇದ್ದೀನಿ’. ನೆರೆಯ ಮರಾಠಿಯ ‘ವಿಕಣಾರ್ ಆಹೇ’ ಎಂಬುದೂ ಇದೇ ಬಗೆಯದು. ಧಾರಣೆ ಗೊತ್ತಾಗಿ, ಚೀಲ ಹೊಲಿದು, ಗಾಡಿಗೆ ಹೇಳಿಯೂ ಆಗಿದ್ದರೆ ‘ಐ ಆಮ್ ಸೆಲ್ಲಿಂಗ್ ಟುಮಾರೋ’ ಎನ್ನುವುದು ಸೊಗಸು; ಅಲ್ಲಿ ಏರ್ಪಾಡು ಇಬ್ಬರ ನಡುವೆ ಮುಗಿದಿದೆ. ‘ಐ ಇಂಟೆಂಡ್ ಟು ಸೆಲ್’ ಎಂಬುದು ‘ಮಾರಬೇಕಂತ ಮಾಡೀನಿ’ ಎಂಬುದಕ್ಕೆ ಸಮೀಪ. ಉದ್ದೇಶವು ಮನಸ್ಸಿನಲ್ಲಿದೆ, ಕೈಗೆ ಇನ್ನೂ ಬಂದಿಲ್ಲ.

ಇದು ವೈಯಾಕರಣರ ಹರಟೆಯೆಂದು ತಳ್ಳಿಹಾಕುವಂತಿಲ್ಲ. ಸಾಲದ ಕಾಗದ ಬರೆಯುವಾಗ ಈ ಭೇದವೇ ಹಣವನ್ನು ಉಳಿಸುತ್ತದೆ ಅಥವಾ ಕಳೆಯುತ್ತದೆ. 1881ರ ವರ್ಗಾವಣೀಯ ಪತ್ರಗಳ ಕಾಯಿದೆಯ 4ನೆಯ ಕಲಮಿನ ಪ್ರಕಾರ, ಪ್ರಾಮಿಸರಿ ನೋಟಿನಲ್ಲಿ ಹಣ ಕೊಡುವೆನೆಂಬ ನಿರ್ಬಂಧರಹಿತವಾದ ಹೊಣೆಯು ಇರತಕ್ಕದ್ದು. ‘ಐ ಪ್ರಾಮಿಸ್ ಟು ಪೇ’ ಎಂಬಲ್ಲಿ ಆ ಹೊಣೆಯುಂಟು. ‘ಐ ಇಂಟೆಂಡ್ ಟು ಪೇ’ ಎಂಬಲ್ಲಿ ಬರಿಯ ಉದ್ದೇಶವುಂಟು. ಸಾಲ ಕೊಟ್ಟವನು ‘ಕೊಡಬೇಕೆಂದಿದ್ದೇನೆ’ ಎಂಬ ಚೀಟಿಯನ್ನು ಪೆಟ್ಟಿಗೆಯಲ್ಲಿಟ್ಟು ನಿಶ್ಚಿಂತನಾಗಿರಲಾರನು! ನಮ್ಮ ರೂಪಾಯಿಯ ನೋಟಿನ ಮೇಲೂ ಗವರ್ನರರು ‘ಪ್ರಾಮಿಸ್’ ಎಂದೇ ಸಹಿ ಹಾಕಿದ್ದಾರಷ್ಟೆ.

‘ಶಲ್’ ಎಂಬುದರ ವಿಷಯದಲ್ಲಿ ಹೆಚ್ಚು ಹೊತ್ತು ಕಳೆಯಬೇಕಾಗಿಲ್ಲ. ಪ್ರಥಮ ವ್ಯಕ್ತಿಗೆ ಶಲ್, ಉಳಿದವಕ್ಕೆ ವಿಲ್ ಎಂಬ ಪ್ರಸಿದ್ಧ ನಿಯಮವನ್ನು ಜಾನ್ ವಾಲಿಸನು 1653ರಲ್ಲಿ ತನ್ನ ವ್ಯಾಕರಣದಲ್ಲಿ ಹೇಳಿದನು. ಇಂದಿನ ಆಡುಮಾತಿನಲ್ಲಿ ಅದು ಬಹುಮಟ್ಟಿಗೆ ಸಡಿಲಿದೆ. ಶಾಸನಗಳ ಭಾಷೆಯಲ್ಲಿ ಮಾತ್ರ ಶಲ್ ಗಟ್ಟಿಯಾಗಿ ಕುಳಿತಿದೆ. ಆದರೆ ಇವೆರಡರ ಮೂಲಾರ್ಥವು ನೆನಪಿನಲ್ಲಿಡತಕ್ಕದ್ದು: ಶಲ್ ಎಂದರೆ ಮೊದಲು ಋಣಿಯಾಗಿರುವುದು, ವಿಲ್ ಎಂದರೆ ಇಚ್ಛಿಸುವುದು.

ಈ ಇಚ್ಛೆಯ ಅರ್ಥವು ನಿಷೇಧದಲ್ಲಿ ಇಂದಿಗೂ ಜೀವಂತವಾಗಿದೆ. ‘ಐ ಆಮ್ ನಾಟ್ ಗೋಯಿಂಗ್ ಟು ಸೆಲ್’ ಎಂದರೆ ಮಾರುವ ಉದ್ದೇಶವಿಲ್ಲವೆಂದು. ‘ಐ ವೋಂಟ್ ಸೆಲ್’ ಎಂದರೆ ಎಷ್ಟು ಕೇಳಿದರೂ ಮಾರಲೊಲ್ಲೆನೆಂದು. ನಮ್ಮ ‘ಒಲ್ಲೆ’ ಎಂಬುದೂ ಒಲಿಯುವುದರ, ಬಯಸುವುದರ ನಿಷೇಧವೇ ಅಲ್ಲವೆ? ಮೋಟಾರು ಹೊರಡದಿದ್ದಾಗ ಇಂಗ್ಲಿಷರು ‘ದಿ ಎಂಜಿನ್ ವೋಂಟ್ ಸ್ಟಾರ್ಟ್’ ಎಂದು ಜಡವಸ್ತುವಿಗೂ ಹಠವನ್ನು ಆರೋಪಿಸುತ್ತಾರೆ. ಆ ವಾಕ್ಯವನ್ನು ಕನ್ನಡಿಸುವಾಗ ನಮ್ಮ ವಿದ್ಯಾರ್ಥಿಗಳು ತಡವರಿಸುವುದುಂಟು. ಹೊಲದ ಪಂಪಿನ ಮುಂದೆ ನಿಂತ ಅವರ ತಂದೆಯವರು ಮಾತ್ರ ತಡವರಿಸದೆ ಹೇಳುತ್ತಾರೆ: “ಎಂಜಿನ್ ಚಾಲೂ ಆಗವಲ್ದು.”