ಹಿಡಿಯುವ ಕೈಗೆ ಹುದ್ದೆ ಇಲ್ಲ

ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕಿ ಆಗಬೇಕೆನ್ನುವ ಮೂವತ್ತರೊಳಗಿನ ಹೆಣ್ಣುಮಗಳು ಎಂಟು ನಿಮಿಷದಲ್ಲಿ 1000 ಮೀಟರ್ ಓಡಬೇಕು, ಇಲ್ಲವೇ ನಡೆಯಬೇಕು. ನಲವತ್ತರೊಳಗಿನವಳಿಗೆ 800 ಮೀಟರ್ ಸಾಕು. ಯುಜಿಸಿಯ 2018ರ ನಿಯಮಾವಳಿಯ ಲೆಕ್ಕ ಇದು. ಎಂ.ಪಿ.ಎಡ್.ನಲ್ಲಿ ಶೇ 55 ಅಂಕ, ನೆಟ್ ಅಥವಾ ಕೆ-ಸೆಟ್, ಅದರ ಮೇಲೆ ಈ ಓಟ. ಗೆದ್ದರೆ ಯುಜಿಸಿ ಶ್ರೇಣಿಯಲ್ಲಿ 57,700 ರೂಪಾಯಿ ಮೂಲವೇತನ. ಬೆಂಗಳೂರಿನ ಕಾಲೇಜಿಗೂ ಬೀದರ್ ಜಿಲ್ಲೆಯ ಔರಾದಿನ ಕಾಲೇಜಿಗೂ ಪರೀಕ್ಷೆ ಒಂದೇ. ತಲೆಕೆಳಗಾಗಿ ಬೀಳುತ್ತಿರುವ ಹುಡುಗಿಯ ಸೊಂಟಕ್ಕೆ ಕಣ್ಣು ಮಿಟುಕಿಸುವಷ್ಟರಲ್ಲಿ ಕೈ ಕೊಡಬಲ್ಲೆಯಾ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಜಿಮ್ನಾಸ್ಟಿಕ್ಸ್ ಅಂಗಳದಲ್ಲಿ ಅದನ್ನು ‘ಸಪೋರ್ಟ್ ಕೊಡೋದು’ ಅನ್ನುತ್ತಾರೆ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಆ ಕೆಲಸಕ್ಕೆ ಸಂಬಳವಿದೆ, ಅಸಿಸ್ಟೆಂಟ್ ಕೋಚ್ ಎಂಬ ಹುದ್ದೆಯಿದೆ. ಕ್ರೀಡೆಯಲ್ಲೂ ಹೆಣ್ಣುಮಕ್ಕಳಿಗೆ ಸಮಪಾಲು ಕೊಡಬೇಕೆಂದು 1972ರಲ್ಲಿ ಬಂದ ‘ಟೈಟಲ್ 9’ ಕಾನೂನು ಅಲ್ಲಿ ಕಾಲೇಜು ತಂಡಗಳಿಗೆ ನೆಲೆ ಒದಗಿಸಿತು. ಒಬ್ಬರು ಮುಖ್ಯ ಕೋಚ್, ಅವರ ಕೆಳಗೆ ಇಬ್ಬರೋ ಮೂವರೋ ಸಹಾಯಕರು. ಒಬ್ಬರು ಬಾರ್ ನೋಡಿಕೊಂಡರೆ, ಇನ್ನೊಬ್ಬರಿಗೆ ಬೀಮ್ ಮತ್ತು ನೆಲದ ಕಸರತ್ತು.

ವ್ಯಾಲರಿ ಕಾಂಡೋಸ್ ಫೀಲ್ಡ್ ಎಂಬಾಕೆ ಲಾಸ್ ಏಂಜಲೀಸಿನ ಯುಸಿಎಲ್‌ಎ ವಿಶ್ವವಿದ್ಯಾಲಯಕ್ಕೆ ಬಂದದ್ದು 1980ರ ದಶಕದ ಆರಂಭದಲ್ಲಿ, ಇಂಥ ಸಹಾಯಕಿಯಾಗಿಯೇ. ಆಕೆ ಬ್ಯಾಲೆ ಕಲಿತವಳು. ಜಿಮ್ನಾಸ್ಟ್ ಆಗಿ ಒಂದು ಸ್ಪರ್ಧೆಯಲ್ಲೂ ಇಳಿದವಳಲ್ಲ. ನೆಲದ ಕಸರತ್ತಿಗೆ ಕುಣಿತ ಕೂಡಿಸಿಕೊಡುವುದು ಆಕೆಯ ಕೆಲಸ. ದಶಕ ಕಳೆಯುವುದರೊಳಗೆ ಮುಖ್ಯ ಕೋಚ್ ಆಗಿ, 2019ರಲ್ಲಿ ನಿವೃತ್ತಳಾಗುವ ಹೊತ್ತಿಗೆ ತಂಡಕ್ಕೆ ಏಳು ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟಿದ್ದಳು. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಅಮೆರಿಕ ತಂಡದ ನಾಯಕಿ, ಭಾರತೀಯ ಮೂಲದ ಮೋಹಿನಿ ಭಾರದ್ವಾಜ್, ಅದೇ ಕಾಲೇಜು ತಂಡದಲ್ಲಿ ಆಡಿದವಳು.

ನಮ್ಮ ಕಡೆಗೆ ಬರೋಣ. ಬೀದರ್ ಜಿಲ್ಲೆಗೆ 2023ರಲ್ಲಿ ಸ್ವಂತ ವಿಶ್ವವಿದ್ಯಾಲಯ ಬಂತು. ಅದರ ನೆಲೆ ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿ. ಅದಕ್ಕೂ ಮುಂಚೆ ಇಲ್ಲಿನ ಹುಡುಗಿಯರು ‘ಯೂನಿವರ್ಸಿಟಿ ಬ್ಲೂ’ ಆಗಬೇಕಿದ್ದರೆ ಕಲಬುರಗಿಯ ತಂಡಕ್ಕೆ ಆಯ್ಕೆಯಾಗಬೇಕಿತ್ತು. ಸಂವಿಧಾನದ 371(ಜೆ) ವಿಧಿಯಿಂದಾಗಿ ಕಲ್ಯಾಣ ಕರ್ನಾಟಕದ ‘ಎ’ ಗುಂಪಿನ ಸರ್ಕಾರಿ ಹುದ್ದೆಗಳಲ್ಲಿ ಶೇ 75 ಸ್ಥಳೀಯರಿಗೆ ಮೀಸಲು. ಅಂದರೆ ಔರಾದಿನ ಹುಡುಗಿ ಔರಾದಿನಲ್ಲೇ ಪಿ.ಡಿ. ಮೇಡಂ ಆಗುವ ದಾರಿ ತಕ್ಕಮಟ್ಟಿಗೆ ತೆರೆದಿದೆ. ಆದರೆ ಆದಮೇಲೆ ಕಬಡ್ಡಿ, ಖೋ ಖೋ, ವಾಲಿಬಾಲ್, ಓಟ, ಎಸೆತ, ಕ್ರೀಡಾ ದಿನದ ಶಾಮಿಯಾನ, ಎಲ್ಲವೂ ಅವಳೊಬ್ಬಳ ತಲೆಮೇಲೆ. ಒಂದೇ ಆಟಕ್ಕೆ ಒಬ್ಬ ಕೋಚ್, ಅವರಿಗೊಬ್ಬ ಸಹಾಯಕಿ ಎಂಬುದು ನಮ್ಮ ಕಾಲೇಜಿನ ಹುದ್ದೆಪಟ್ಟಿಯ ಭಾಷೆಯೇ ಅಲ್ಲ.

ಕೋಚ್ ಆಗಲೇಬೇಕೆಂದು ಹಟ ಹಿಡಿದವಳ ದಾರಿ ಪಟಿಯಾಲಾಗೆ. 1961ರಲ್ಲಿ ಅಲ್ಲಿನ ಮೋತಿಬಾಗ್ ಅರಮನೆಯಲ್ಲಿ ಶುರುವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾವನ್ನು ಕ್ರೀಡಾ ವಲಯದಲ್ಲಿ ‘ಎನ್‌ಐಎಸ್ ಮಾಡಿದಾರ’ ಎಂಬ ಮೂರೇ ಅಕ್ಷರದ ಗೌರವದಲ್ಲಿ ಹೇಳುತ್ತಾರೆ. ಮಾಡಿಕೊಂಡು ಬಂದಮೇಲೆ? ಖೇಲೋ ಇಂಡಿಯಾದ ಸಣ್ಣ ಕೇಂದ್ರಗಳಲ್ಲಿ ಮಾಜಿ ಆಟಗಾರ ತರಬೇತುದಾರರಿಗೆ ಇಟ್ಟ ಗೌರವಧನ ವರ್ಷಕ್ಕೆ 3 ಲಕ್ಷ, ತಿಂಗಳಿಗೆ 25 ಸಾವಿರ. ಓಡಿ ಪಾಸಾದವಳ ಮೂಲವೇತನದ ಅರ್ಧಕ್ಕಿಂತ ಕಡಿಮೆ.

ಬೀದರಿನವರಿಗೆ ಬೆಂಗಳೂರು ಸುಮಾರು 700 ಕಿ.ಮೀ., ಹೈದರಾಬಾದ್ 140. 1956ರವರೆಗೆ ರಾಜಧಾನಿಯೂ ಅದೇ ಆಗಿತ್ತು. ದವಾಖಾನೆಗೂ ಲಗ್ನದ ಸೀರೆಗೂ ಇಂದಿಗೂ ಜನ ಅತ್ತಲೇ ಹೋಗುತ್ತಾರೆ. ಅಲ್ಲಿನ ಲಾಲ್ ಬಹದ್ದೂರ್ ಕ್ರೀಡಾಂಗಣದಲ್ಲಿ ಕರಾಟೆ ಕಲಿತಿದ್ದ ಬುದ್ದಾ ಅರುಣಾ ರೆಡ್ಡಿ ಎಂಬ ಹುಡುಗಿಯನ್ನು ಗುರುತಿಸಿದ್ದು ಸ್ವರ್ಣಲತಾ ಎಂಬ ಕೋಚ್. ಇವಳಲ್ಲಿ ಏನೋ ಇದೆ ಎಂದು ಕಂಡು, ಮುಂದಿನ ತರಬೇತಿಗೆ ತಮ್ಮ ಪತಿ ಗಿರಿರಾಜ್ ಕೈಗೆ ಒಪ್ಪಿಸಿದರು. 2018ರಲ್ಲಿ ಮೆಲ್ಬರ್ನ್ ವಿಶ್ವಕಪ್‌ನ ವಾಲ್ಟ್‌ನಲ್ಲಿ ಅರುಣಾ ಗೆದ್ದ ಕಂಚು, ಜಿಮ್ನಾಸ್ಟಿಕ್ಸ್ ವಿಶ್ವಕಪ್‌ನಲ್ಲಿ ಭಾರತದ ಮೊದಲ ವೈಯಕ್ತಿಕ ಪದಕ. ಅಗರ್ತಲದ ಕಥೆಯೂ ಹೆಚ್ಚುಕಡಿಮೆ ಇದೇ. ದೀಪಾ ಕರ್ಮಾಕರ್‌ಗೆ ಮೊದಲ ಪಾಠ ಹೇಳಿದವರು ಸೋಮಾ ನಂದಿ. ಆಮೇಲೆ ಅವರ ಪತಿ ಬಿಶ್ವೇಶ್ವರ ನಂದಿ. ರಿಯೊ ಒಲಿಂಪಿಕ್ಸ್‌ನಲ್ಲಿ ದೀಪಾ 15.066 ಅಂಕ ಪಡೆದು, ಕೇವಲ 0.150ರಿಂದ ಕಂಚು ತಪ್ಪಿ ನಾಲ್ಕನೆಯವಳಾದಳು. ಅದೇ 2016ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಪತಿಗೆ ಬಂತು. ಅವರು ಅದಕ್ಕೆ ಅರ್ಹರೇ, ಆ ಮಾತಿಲ್ಲ. ಆದರೆ ಮೊದಲು ಕೈ ಹಿಡಿದವರ ಹೆಸರು ಎರಡೂ ಕಥೆಯಲ್ಲಿ ಅರ್ಧ ಸಾಲಿನಲ್ಲಿ ಮುಗಿಯುತ್ತದೆ.

ಕಾಲೇಜಿಗೆ ಬಂದಮೇಲೆ ಜಿಮ್ನಾಸ್ಟಿಕ್ಸ್ ಶುರುಮಾಡಿದರೆ ತಡವಾಗುತ್ತದೆ ಎಂಬುದೂ ನಿಜ. ಅಂತರರಾಷ್ಟ್ರೀಯ ಸೀನಿಯರ್ ಕಣಕ್ಕೆ ಹದಿನಾರರ ಹುಡುಗಿ ಇಳಿಯಬಹುದು. ಮೈ ಪಳಗಿಸಲು ಶುರುಮಾಡಿದ್ದು ಐದಾರನೇ ವಯಸ್ಸಿಗೆ. ಉಜ್ಬೇಕಿಸ್ತಾನದ ಒಕ್ಸಾನಾ ಚುಸೊವಿಟಿನಾ 46ನೇ ವಯಸ್ಸಿನಲ್ಲಿ ಟೋಕಿಯೊ ಒಲಿಂಪಿಕ್ಸ್‌ಗೆ ಹೋದದ್ದು ಅಪವಾದ, ಆಕೆಯೂ ಎಳವೆಯಲ್ಲೇ ತೊಡಗಿದವಳು. ಹಾಗಾಗಿ ಬೀದರಿನಲ್ಲಿ ಕಾಲೇಜು ತಂಡ ಬೇಕಿದ್ದರೆ ಕೋಚ್ ಒಂದನೇ ಇಯತ್ತೆಯ ಮಕ್ಕಳ ನಡುವೆ ಹೋಗಿ ನಿಲ್ಲಬೇಕು. ನಿಂತರೆ ಮೊದಲು ಕೇಳಿಸುವುದು: “ಕೈಕಾಲ್ ಮುರ್ಕೊಂಡ್ರ ನಾಳಿಗಿ ಲಗ್ನ ಹ್ಯಾಂಗ್ರಿ ಮೇಡಂ?”

ಇದಕ್ಕೆ ಭಾಲ್ಕಿಯಲ್ಲೇ ಒಂದು ಹಳೆಯ ಯುಕ್ತಿಯಿದೆ. ನಿಜಾಮರ ಕಾಲದಲ್ಲಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರೆಂಬುದು ಈ ಭಾಗದಲ್ಲಿ ಮಕ್ಕಳಿಗೂ ಗೊತ್ತು. ಇವತ್ತು ಯಾವ ಶಾಲೆಯ ಬಾಗಿಲಿಗಾದರೂ ‘ಯೋಗ’ ಎಂಬ ಫಲಕ ಹಾಕಿದರೆ ಬೇಡ ಎನ್ನುವ ತಂದೆತಾಯಿ ಇಲ್ಲ. ಆ ಫಲಕದ ಒಳಗೆ ಚಕ್ರಾಸನದಿಂದ ಹಿಂದಕ್ಕೆ ಕಾಲೆತ್ತಿ ದಾಟುವುದನ್ನೂ, ಕೈಮೇಲೆ ನಿಲ್ಲುವುದನ್ನೂ, ಲಾಗ ಹಾಕುವುದನ್ನೂ ಕಲಿಸಬಹುದು. ಗಂಡುಮಕ್ಕಳ ಕುಸ್ತಿಗೆ ಊರೂರಲ್ಲಿ ತಾಲೀಮಿನ ಮನೆಗಳಿದ್ದ ಸೀಮೆ ಇದು. ತಾಲೀಮು ಅಂದರೆ ಅರಬ್ಬಿಯಲ್ಲಿ ವಿದ್ಯೆ. 1472ರಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನ್ ಮದರಸಾ ಕಟ್ಟಿಸಿದ ಬೀದರಿನಲ್ಲಿ ಓದಿಗೂ ಕಸರತ್ತಿಗೂ ಒಂದೇ ಶಬ್ದ ಸಾಕಾಗಿತ್ತು.

ಬೀಮ್ ಕೊಳ್ಳಲು ದುಡ್ಡಿಲ್ಲವೆಂದರೆ ಅದಕ್ಕೂ ಕಾಯಬೇಕಿಲ್ಲ. ನಿಜವಾದ ಬೀಮ್ 5 ಮೀಟರ್ ಉದ್ದ, 10 ಸೆಂ.ಮೀ. ಅಗಲ, ನೆಲದಿಂದ 125 ಸೆಂ.ಮೀ. ಎತ್ತರ. ಶಹಾಬಾದಿ ಫರ್ಸಿಯ ಮೇಲೆ ಅಷ್ಟೇ ಉದ್ದದ ಎರಡು ಗೆರೆ ಅಷ್ಟೇ ಅಂತರದಲ್ಲಿ ಎಳೆದರೆ ಎತ್ತರವೊಂದನ್ನು ಬಿಟ್ಟು ಉಳಿದದ್ದೆಲ್ಲ ಕಲಿಯಬಹುದು. ಮ್ಯಾಟ್ ಇಲ್ಲದೆ ಲಾಗ ಮಾತ್ರ ಬೇಡ. ಮನೆಯ ಗಾದಿ ಅದಕ್ಕೆ ಆಗುವುದಿಲ್ಲ, ಕಾಲು ಹೂತು ಪಾದದ ಕೀಲು ಉಳುಕುತ್ತದೆ.

ಉಳಿದದ್ದು ಆ ಕೈ. ಸಪೋರ್ಟ್ ಕೊಡುವಾಗ ಒಂದು ಕೈ ಬೆನ್ನಿಗೆ, ಒಂದು ಕೈ ತೊಡೆಯ ಹಿಂದೆ ಹೋಗಬೇಕಾಗುತ್ತದೆ. ಆ ಕೈ ಹೆಂಗಸಿನದಾದರೆ ಔರಾದಿನ ತಾಯಿಗೆ ಅರ್ಧ ಚಿಂತೆ ಕಡಿಮೆ. ಭಾರತೀಯ ಕ್ರೀಡಾ ಪ್ರಾಧಿಕಾರ 2022ರಲ್ಲಿ, ಆಟಗಾರ್ತಿಯರಿರುವ ತಂಡದ ಜೊತೆ ಮಹಿಳಾ ಕೋಚ್ ಇರಲೇಬೇಕೆಂದು ಕಡ್ಡಾಯ ಮಾಡಿತು. ಕೋಚ್ ಒಬ್ಬರ ಮೇಲೆ ಆಟಗಾರ್ತಿಯ ದೂರು ಬಂದಮೇಲೆ ಮಾಡಿದ ನಿಯಮ ಅದು, ಅದರ ಮೊದಲೇ ಇರಬೇಕಿತ್ತು.

ಅಭ್ಯಾಸದ ವರ್ಷಗಳಲ್ಲೆಲ್ಲ ಹಿಡಿದ ಆ ಕೈ ಸ್ಪರ್ಧೆಯ ದಿನ ಮುಟ್ಟುವಂತಿಲ್ಲ. ಹುಡುಗಿ ಬಾರ್‌ನಿಂದ ಜಾರಿ ಬಿದ್ದರೆ ಒಂದು ಅಂಕ ಹೋಗುತ್ತದೆ. ಕೋಚ್ ಕೈ ಚಾಚಿ ನೆರವಾದರೂ ಒಂದು ಅಂಕ ಹೋಗುತ್ತದೆ, ಮೇಲಾಗಿ ಆ ಪಟ್ಟು ಲೆಕ್ಕಕ್ಕೇ ಬರುವುದಿಲ್ಲ. ಆದರೂ ಆಕೆ ಬಾರ್‌ನ ಕೆಳಗೆ ಹೋಗಿ, ಎರಡೂ ಕೈ ಅರ್ಧ ಎತ್ತಿಕೊಂಡು ನಿಂತಿರುತ್ತಾಳೆ.